ರೊಟ್ಟಿ ಬಡಿದ ಮೊಣಕೈ, ಗೋಡೆ ಹತ್ತಿದ ಬೆರಳು

ತೊಂಬತ್ತರ ದಶಕದಲ್ಲಿ ಪುಣೆಯಲ್ಲಿ ಫಿಜಿಯೊಥೆರಪಿ ಕ್ಲಿನಿಕ್ ತೆರೆದೆ. ನೋವು ತೋರಿಸಲು ಬಂದವರು ನನ್ನನ್ನು ನಗಿಸದೆ ಹೋದ ವಾರವೇ ನೆನಪಿಲ್ಲ.

ಟೆನಿಸ್

ಧಾರವಾಡ ಕಡೆಯ ಸೊಸೆಯೊಬ್ಬಳು ಮೊಣಕೈ ಹಿಡಿದುಕೊಂಡು ಬಂದಳು. ಜೊತೆಗೆ ಅತ್ತೆ. ಒತ್ತಿ ನೋಡಿ, "ಎಲುಬಿಗೇನೂ ಆಗಿಲ್ರಿ. ಸ್ನಾಯು ಎಲುಬಿಗೆ ಅಂಟೂ ಜಾಗದಾಗ ನೋವದ. ಇದಕ್ಕ ಟೆನಿಸ್ ಎಲ್ಬೋ ಅಂತಾರ" ಅಂದೆ.

ಅತ್ತೆ ಸೊಸೆಯತ್ತ ತಿರುಗಿದರು. "ಮಧ್ಯಾಹ್ನ ಭಜನಿ ಅಂತ ಹೇಳಿ ನೀ ಹೋಗೂದು ಇದಕ್ಕೇನ?"

ಟೆನಿಸ್ ಆಡದವರಿಗೂ ಇದು ಬರುತ್ತದೆ, ಇದು ದಿನಾ ರೊಟ್ಟಿ ಬಡಿದು ಬಂದದ್ದು, ಕೈಗೆ ವಿಶ್ರಾಂತಿ ಬೇಕು ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೇ ಬೆವರು. ರೊಟ್ಟಿಯ ಕೆಲಸ ಗಂಡನ ಪಾಲಿಗೆ ಬಿತ್ತು. ಸೊಸೆಯ ಕೈ ನೆಟ್ಟಗಾಯಿತು. ಕೆಲವು ದಿನಗಳ ಮೇಲೆ ಅತ್ತೆ ಮಗನನ್ನು ಕರೆತಂದರು: "ಇವಗೂ ಟೆನಿಸ್ ಹತ್ತೇದ್ರಿ."

ಒಂದೇ ಬದಿ

ಮೊಬೈಲು ಆಗತಾನೇ ಎಲ್ಲರ ಕೈಗೆ ಬಂದಿದ್ದ ಕಾಲ. ಬೆಳಗಾವಿಯ ವಿಮಾ ಏಜೆಂಟರೊಬ್ಬರಿಗೆ ಕುತ್ತಿಗೆಯ ಎಡಬದಿ ಮಾತ್ರ ನೋವು. ವಾಯು ಅಂತ ಬಟಾಟೆ ಬಿಟ್ಟಿದ್ದರು, ದಿಂಬು ಬದಲಿಸಿದ್ದರು. "ಹೆಂಗ ಬಂತೋ ಗೊತ್ತಿಲ್ರಿ" ಅನ್ನುವಾಗಲೇ ಫೋನ್ ಬಂತು. ಅದನ್ನು ಕಿವಿಗೂ ಎಡಭುಜಕ್ಕೂ ನಡುವೆ ಸಿಕ್ಕಿಸಿ, ಕತ್ತು ಓರೆ ಮಾಡಿ, ಎರಡೂ ಕೈಯಿಂದ ಚೀಲ ತಡಕುತ್ತ ಹೆಂಡತಿಗೆ ಹೇಳಿದರು: "ಡಾಕ್ಟರ ಕಡೆ ಬಂದೀನಿ. ಕಾರಣ ಅವರಿಗೂ ತಿಳಿವಲ್ದು."

ಗೋಡೆ

ಪುಣೆಯ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಬೆಂಗಳೂರಿನವರು, ನಲವತ್ತು ದಾಟಿದ ಬ್ರಹ್ಮಚಾರಿ. ಭುಜ ಬಿಗಿದು ಕೈ ಮೇಲೇಳುತ್ತಿರಲಿಲ್ಲ. "ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸಿ. ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ" ಎಂದಿದ್ದೆ. ಶ್ರದ್ಧೆಯಿಂದ ಮಾಡಿದರು. ಕೈ ಏರತೊಡಗಿತು.

ಒಂದು ಬೆಳಿಗ್ಗೆ ಗಾಬರಿಯಲ್ಲಿ ಫೋನ್ ಮಾಡಿದರು. "ಮೇಡಂ, ಓನರ್ ಆಂಟಿ ಮನೆ ಖಾಲಿ ಮಾಡು ಅಂತಿದ್ದಾರೆ! ಪ್ಲೀಸ್, ನೀವೇ ಮರಾಠೀಲಿ ಹೇಳಿ."

ಫೋನ್ ಕೈ ಬದಲಾಯಿತು. ಆಕೆ ಮರಾಠಿಯಲ್ಲಿ ಗುಡುಗಿದರು: "ಲಗ್ನ ಆಗಿಲ್ಲಂತ ಹೇಳಿ ಮನಿ ಹಿಡದಾನ, ಒಳಗ ಕೂಸು ಮುಚ್ಚಿಟ್ಟಾನ! ಗ್ವಾಡಿ ತುಂಬ ಅದರ ಎತ್ತರ ಬರದಾನ!"

ಅವು ಕೈ ಮುಟ್ಟಿದ ಗೆರೆಗಳು, ಭುಜದ ನೋವಿನ ವ್ಯಾಯಾಮ ಎಂದು ಬಿಡಿಸಿ ಹೇಳಿದೆ. ಆ ಕಡೆಯಿಂದ ಆಕೆಯ ನಿರಾಸೆಯ ದನಿ:

"ಹಂಗಾರ ಕೂಸು ಇಲ್ಲೇನ್ರಿ? ತಿಂಗಳದಾಗ ಗೇಣುದ್ದ ಬೆಳದಿತ್ತು. ಏನು ತಿನ್ನಸ್ತಾನ ಅಂತ ಕೇಳಬೇಕಂತಿದ್ದೆ. ನಮ್ಮ ಮೊಮ್ಮಗ ಬೆಳೀವಲ್ಲ."