ಉಪಚಾರದ ಪೋರ್ಟು

ರಂಗಧಾಮಯ್ಯ ತಾವೇ ಮಾಡಿದ ಒಂದು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಾಗಲೇ ಅವರ ಹೆಂಡತಿ ನಾಗವೇಣಮ್ಮ ಫೋನು ಹಿಡಿದುಕೊಂಡು ಎದ್ದು ನಿಂತರು. ಡಬ್ಬಿಯ ಸುತ್ತ ಯುಎಸ್‌ಬಿ ಪೋರ್ಟುಗಳು, ನೆತ್ತಿಗೊಂದು ಸ್ಪೀಕರು. ಮನೆಯ ಚಾರ್ಜರುಗಳೆಲ್ಲ ಕರುಳು ಬಿಚ್ಚಿಕೊಂಡು ಅದರ ಹೊಟ್ಟೆ ಸೇರಿದ್ದವು.

“ಅಯ್ಯೋ, ಹನ್ನೊಂದಕ್ಕೆ ರೇಡಿಯೋದವರು ಫೋನ್ ಮಾಡ್ತಾರೆ ಕಣ್ರೀ! ನನ್ನ ಹಾಡು ನೇರಪ್ರಸಾರ! ಫೋನಲ್ಲಿ ನೋಡಿದ್ರೆ ಚಾರ್ಜೇ ಇಲ್ಲ!”

ರೇಡಿಯೋದಲ್ಲಿ ಒಂದೇ ಒಂದು ಸಲ ಹಾಡಬೇಕೆಂದು ಆಕೆ ಲಂಗ ತೊಡುವ ಕಾಲದಿಂದ ಆಸೆಪಟ್ಟಿದ್ದರು. ಕೂದಲು ನರೆತ ಮೇಲೆ ಈಗ ಕರೆ ಬರುವುದಿತ್ತು.

“ಅದಕ್ಕೇ ನಾಗು, ಇದು!” ರಂಗಧಾಮಯ್ಯ ಎದೆಯುಬ್ಬಿಸಿದರು. “ಮಾಮೂಲಿ ಪೋರ್ಟು ‘ನನ್ನ ಹತ್ರ ಇಷ್ಟಿದೆ’ ಅನ್ನುತ್ತೆ. ಫೋನು ‘ನಂಗಿಷ್ಟು ಸಾಕು’ ಅನ್ನುತ್ತೆ. ಒಪ್ಪಂದ ಆದಷ್ಟೇ ಕರೆಂಟು. ಥೂ, ಹೋಟೆಲ್ ಲೆಕ್ಕ! ನಾನು ಇದಕ್ಕೆ ನಮ್ಮಮ್ಮನ ಉಪಚಾರ ಕಲಿಸಿದೀನಿ. ಸಿಕ್ಕಿಸಿದ ಫೋನಿಗೂ ಇದೇ ಮರ್ಯಾದೆ ಕಲಿಸುತ್ತೆ!”

ತಂತಿ ಸಿಕ್ಕಿಸಿದರು. ಡಬ್ಬಿ ಮಾತಾಡಿತು: “ಬನ್ನಿ ಬನ್ನಿ! ಸಂಕೋಚ ಪಡಬೇಡಿ, ತಗೊಳ್ಳಿ!”

“ಅಯ್ಯೋ, ಬೇಡಿ. ಈಗ ತಾನೇ ಆಯ್ತು,” ಎಂದಿತು ಫೋನು.

“ಒಂಚೂರು! ನನ್ನಾಣೆ!”

“ನಿಮ್ಮದಾಯ್ತಾ? ಮೊದಲು ನೀವು ತಗೊಳ್ಳಿ.”

ನಾಗವೇಣಮ್ಮ ನೋಡನೋಡುತ್ತಿದ್ದಂತೆ ಫೋನಿನಲ್ಲಿದ್ದ ಚೂರುಪಾರು ಚಾರ್ಜೂ ತಿರುಗಿ ಡಬ್ಬಿಗೇ ಹರಿಯತೊಡಗಿತು!

“ಒಂಟಿಯಾಗಿ ಕೂತಿದೆ, ಅದಕ್ಕೇ ನಾಚಿಕೆ. ಪಂಕ್ತಿ ಇದ್ರೆ ಸರಿಹೋಗುತ್ತೆ,” ಎಂದು ರಂಗಧಾಮಯ್ಯ ಟಾರ್ಚು, ಶೇವರು, ಸೊಳ್ಳೆ ಬ್ಯಾಟು ಎಲ್ಲವನ್ನೂ ತಂದು ಚುಚ್ಚಿದರು. ಶೇವರು “ಹಿರಿಯರು ಮೊದಲು” ಎಂದಿತು. ಟಾರ್ಚು “ಮಕ್ಕಳು ಮೊದಲು” ಎಂದಿತು. ಸೊಳ್ಳೆ ಬ್ಯಾಟಂತೂ “ನಂಗೆ ಇವತ್ತು ಉಪವಾಸ” ಎಂದುಬಿಟ್ಟಿತು. ಎಲ್ಲವೂ ಇದ್ದದ್ದನ್ನು ಡಬ್ಬಿಗೆ ಬಡಿಸಿ ಬರಿದಾದವು.

ಫೋನಿನಲ್ಲಿ ಕೊನೆಯ ಗುಟುಕು ಉಳಿದಿರುವಾಗಲೇ ನಾಗವೇಣಮ್ಮ ಅದನ್ನು ಕಿತ್ತುಕೊಂಡು ಪಕ್ಕದ ಮನೆಯ ಜಯಶೀಲಮ್ಮನ ಹತ್ತಿರ ಓಡಿದರು. ಕಲಿತ ಬುದ್ಧಿ ಎಲ್ಲಿ ಹೋಗುತ್ತದೆ? ಅಲ್ಲಿಯ ಚಾರ್ಜರಿನ ಮುಂದೂ ಫೋನು, “ಅಯ್ಯೋ, ನಿಮಗ್ಯಾಕೆ ತೊಂದ್ರೆ?” ಎಂದು ಬಾಯಿ ಮುಚ್ಚಿಕೊಂಡಿತು. ಆಕೆಗೆ ಅಲ್ಲೇ ಕುಸಿದು ಕೂತು ಅಳಬೇಕೆನಿಸಿತು.

ಆಗಲೇ ಫೋನು ಗುಂಯ್‌ಗುಟ್ಟಿತು! ಹನ್ನೊಂದು! ಎತ್ತಿದರೆ ಫೋನಿನಲ್ಲೂ ಜಯಶೀಲಮ್ಮನ ರೇಡಿಯೋದಲ್ಲೂ ಒಂದೇ ದನಿ: “ನಾಗವೇಣಮ್ಮನವರೇ, ನಮಗಾಗಿ ಒಂದು ಹಾಡು ಹೇಳ್ತೀರಾ?”

ಆಕೆ ಕಣ್ಣೊರೆಸಿಕೊಂಡು, ಉಸಿರೆಳೆದು ಬಾಯಿ ತೆರೆದರು. ಅಷ್ಟರಲ್ಲಿ ಫೋನೇ ಉತ್ತರ ಕೊಟ್ಟಿತು: “ಅಯ್ಯೋ, ಬೇಡಿ. ನಾನೆಂಥ ಹಾಡು! ಬೇರೆಯವರು ಹಾಡಲಿ.”

ಹಾಗೆಂದು ಸತ್ತಿತು.

“ಪಾಪ, ತುಂಬ ಸಂಕೋಚದ ಸ್ವಭಾವ,” ಎಂದರು ರೇಡಿಯೋದವರು ಮಮತೆಯಿಂದ. “ಬಲವಂತ ಬೇಡ. ಮುಂದಿನ ಕೇಳುಗರ ಹತ್ತಿರ ಹೋಗೋಣ.”

ನಾಗವೇಣಮ್ಮ ಮನೆಗೆ ಬಂದರು. ಊರಿಗಾಗುವಷ್ಟು ಕರೆಂಟು ತುಂಬಿಕೊಂಡ ಡಬ್ಬಿ ಮೇಜಿನ ಮೇಲೆ ಕುಣಿಯುತ್ತಾ, “ಯಾರಾದ್ರೂ ತಗೊಳ್ರಪ್ಪಾ!” ಎಂದು ಗೋಗರೆಯುತ್ತಿತ್ತು. ತಂತಿ ಎಳೆದು ಬಲ್ಬಿಗೆ ಜೋಡಿಸಿದರೆ, “ಹಗಲಲ್ವಾ, ಈಗ್ಯಾಕೆ?” ಎಂದು ಅದೂ ಕೈಮುಗಿಯಿತು.

“ಒಂದ್ ಸಣ್ಣ ತಿದ್ದುಪಡಿ ಮಾಡಿದ್ರೆ ಸರಿಹೋಗುತ್ತೆ, ನಾಗು,” ಎಂದರು ರಂಗಧಾಮಯ್ಯ ತಲೆ ಕೆರೆಯುತ್ತಾ.

ಆಕೆ ಎಲೆ ಹಾಕಿದರು. ಒಂದು ಸೌಟು ಹುಳಿಯನ್ನ ಬಿದ್ದಿತು. ರಂಗಧಾಮಯ್ಯ ರೂಢಿಯಂತೆ ಕೈ ಅಡ್ಡ ಹಿಡಿದು, “ಸಾಕು ಸಾಕು!” ಎಂದರು. ಹಾಗೆಂದರೆ ಇನ್ನೂ ಎರಡು ಸೌಟು ಬೇಕೆಂದು ಅರ್ಥ. ಮದುವೆಯಾದಾಗಿನಿಂದ ಅದೇ ಲೆಕ್ಕ.

ನಾಗವೇಣಮ್ಮ ಪಾತ್ರೆಯ ಮುಚ್ಚಳ ಮುಚ್ಚಿ ಒಳಗಿಟ್ಟು ಬಂದರು.

“ಬಲವಂತ ಬೇಡ,” ಎಂದರು.