ಅಕ್ಕನ ಹೊಲದಡಿಯ ಬೂಷ್ಟು ಬಳಗಕ್ಕೆ ಹನ್ನೆರಡು ಚೀಲದ ಬಿನ್ನಹ

ಆಲೂಗೆಡ್ಡೆ ಹೊಲದ ಮಾನ್ಯ ಶಿಲೀಂಧ್ರಗಳೇ,

ಕರೆಯದೆ ಬಂದು, ಕಳಿಸಿದರೂ ಹೋಗದೆ, ನಮ್ಮ ಅಕ್ಕನ ಹೊಲದ ಮಣ್ಣಿನೊಳಗೆ ವರ್ಷಗಟ್ಟಲೆ ಬೀಡುಬಿಟ್ಟಿರುವ ತಮ್ಮ ಸಮಸ್ತ ಪರಿವಾರಕ್ಕೆ ನೆಲದ ಮೇಲಿನ ನಾವು ತಲೆಬಾಗಿ ವಂದಿಸುತ್ತೇವೆ. ಬಾಗದಿದ್ದರೆ ತಾವು ಮಾಡಿದ ಘನಕಾರ್ಯ ಕಾಣುವುದೂ ಇಲ್ಲವಲ್ಲ.

ಗೆಡ್ಡೆಯ ಮೈಗೆ ತಾವು ಅಂಟಿಸುವ ಕರಿ ಚುಕ್ಕೆ, ಎಷ್ಟು ಉಜ್ಜಿ ತೊಳೆದರೂ ಹೋಗದ ಆ ಮಣ್ಣಲ್ಲದ ಮಣ್ಣು, ನಮಗೆ ಹೊಸದಲ್ಲ. ಆದರೆ ಒಂದೇ ಹೆಸರಿನಡಿ ತಮ್ಮಲ್ಲಿ ಇಷ್ಟೊಂದು ಗುಂಪುಗಳಿವೆಯೆಂದು, ಒಂದು ಗುಂಪು ಗೆಡ್ಡೆಗೆ ಬೊಟ್ಟಿಟ್ಟರೆ ಇನ್ನೊಂದು ಮೊಳಕೆಯ ಕತ್ತು ಹಿಸುಕುತ್ತದೆಂದು, ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೆ ಸ್ನಾನದ ನೀರಾಗಬಹುದೆಂದು ಮೊದಲೇ ತಿಳಿಸುವ ಸೌಜನ್ಯ ತಮಗಿರಬೇಕಿತ್ತು. ಮಣ್ಣು ಪರೀಕ್ಷಿಸುವ ಪ್ರಯೋಗಾಲಯದ ಮೇಡಂ ಹೇಳುವಂತೆ, ಗಾಜಿನ ತಟ್ಟೆಯಲ್ಲಿ ಎದುರುಬದುರು ಕೂರಿಸಿದರೆ ಒಂದೇ ಗುಂಪಿನವರು ಎಳೆಗೆ ಎಳೆ ಬೆಸೆದುಕೊಳ್ಳುತ್ತೀರಿ, ಬೇರೆಯವರಾದರೆ ಪಾಲಾದ ದಾಯಾದಿಗಳ ಹಾಗೆ ಪಕ್ಕದಲ್ಲೇ ಹಾದುಹೋಗುತ್ತೀರಿ. ಮನುಷ್ಯರಿಗೆ ಇಷ್ಟು ಹತ್ತಿರದವರೆಂದು ನಮಗೆ ಗೊತ್ತಿರಲಿಲ್ಲ.

ಅಕ್ಕ ಎಂಟು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿಗೆ ಈ ವರ್ಷ ಬಿತ್ತನೆ ಗೆಡ್ಡೆಯ ಪ್ರಮಾಣಪತ್ರ ಸಿಗಬೇಕು. ಸಿಗದಿದ್ದರೆ ಅಷ್ಟೂ ದನದ ಬಾಯಿಗೆ. ಅದಕ್ಕಾಗಿ, ಎಲ್ಲೆಲ್ಲಿ ತಮ್ಮ ಯಾವ ಗುಂಪಿದೆಯೆಂದು ಮೇಡಂ ಪರೀಕ್ಷಿಸಲೆಂದು, ಬಿತ್ತನೆಗೆ ಮೊದಲು ಹೊಲದ ಹನ್ನೆರಡು ಕಡೆಯಿಂದ ಮಣ್ಣು ತೆಗೆಯುವ ಜವಾಬ್ದಾರಿಯನ್ನು ಭಾವನವರು ಹೊತ್ತರು. ಹೊತ್ತವರು ಕೊಟ್ಟಿಗೆಯ ಪಕ್ಕದ ಮೆತ್ತನೆಯ ಜಾಗದಲ್ಲಿ ಒಂದೇ ಗುಂಡಿ ತೋಡಿ, ಹನ್ನೆರಡೂ ಚೀಲ ತುಂಬಿ, ಮುದ್ದಾದ ಅಕ್ಷರದಲ್ಲಿ ಒಂದರಿಂದ ಹನ್ನೆರಡರವರೆಗೆ ಬರೆದರು. ಮೇಡಂ ಬೆರಗಾದರು: "ಇಡೀ ಹೊಲದಲ್ಲಿ ಒಂದೇ ಗುಂಪು! ಇಂಥ ಒಗ್ಗಟ್ಟು ನಾನೆಲ್ಲೂ ನೋಡಿಲ್ಲ." ಆ ಒಗ್ಗಟ್ಟಿಗೆ ತಕ್ಕ ಮದ್ದು ಬಿತ್ತು. ಹಿಂದೆ ಕೋಸು ಬೆಳೆದಿದ್ದ ಆಚೆಯ ಅರ್ಧದಲ್ಲಿದ್ದ ತಮ್ಮ ಬೇರೆ ಗುಂಪಿನವರು ಮದ್ದನ್ನು ಮೂಸಿಯೂ ನೋಡದೆ ಮೊಳಕೆಗಳನ್ನು ಮಣ್ಣೊಳಗೇ ಮುಗಿಸಿದರು.

"ಅಲ್ಲಾ ರೀ, ಹನ್ನೆರಡು ಚೀಲಾನೂ ಒಂದೇ ಗುಂಡೀಲಿ ತುಂಬಿದ್ರಾ?" ಎಂದು ಅಕ್ಕ ಕೇಳಿದ್ದಕ್ಕೆ ಭಾವ, "ಮಣ್ಣು ಮಣ್ಣೇ ಕಣೇ, ಅದರಲ್ಲೇನು ನಿನ್ನ ತವರಿನ ಮಣ್ಣು, ನನ್ನ ಕಡೆ ಮಣ್ಣು ಅಂತ ಇರುತ್ತಾ?" ಎಂದರು. ಅಂದಿನಿಂದ ಆ ಮನೆಯಲ್ಲೂ ಎಳೆಗೆ ಎಳೆ ಬೆಸೆದಿಲ್ಲ.

ನಾಳಿದ್ದು ಪ್ರಮಾಣಪತ್ರದ ಪರೀಕ್ಷಕರು ಬರುತ್ತಾರೆ. ಆದ್ದರಿಂದ ತಾವೆಲ್ಲರೂ ಕೊರಳಿಗೆ ಗುಂಪಿನ ಬಿಲ್ಲೆ ಹಾಕಿಕೊಂಡು ಸಾಲಾಗಿ ನಿಲ್ಲಬೇಕೆಂದೂ, ಮುಂದಿನ ಹಂಗಾಮಿನಿಂದ ಭಾವನವರ ಅನುಕೂಲಕ್ಕಾಗಿ ಎಲ್ಲ ಗುಂಪಿನಿಂದ ಒಬ್ಬೊಬ್ಬ ಪ್ರತಿನಿಧಿ ಕೊಟ್ಟಿಗೆಯ ಪಕ್ಕದಲ್ಲೇ ವಾಸಿಸಬೇಕೆಂದೂ, ಇದು ಸಾಧ್ಯವಾಗದಿದ್ದರೆ ಅಕ್ಕನ ತಳಿಯೊಂದನ್ನಾದರೂ ಬಿಟ್ಟು ಮಿಕ್ಕಿದ್ದನ್ನು ತಿನ್ನಬೇಕೆಂದೂ ಕೈಮುಗಿದು ಕೋರುತ್ತೇನೆ.

ತಮ್ಮ ಚುಕ್ಕೆಯಷ್ಟೇ ಬಿಡದೆ ಅಂಟಿಕೊಂಡಿರುವ
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಪರೀಕ್ಷಕರು ಬಂದುಹೋದರು. ಈಚೆಯ ಅರ್ಧ ಹೊಲ ಪಾಸಾಯಿತು, ತಳಿ ಉಳಿಯಿತು. ಆಚೆಯ ಅರ್ಧ ದನಕ್ಕೆ. ತಮ್ಮನ್ನು ಉಪವಾಸ ಕೆಡವಲು ಆ ಕಡೆ ಇನ್ನು ನಾಲ್ಕು ವರ್ಷ ಬರೀ ಹುಲ್ಲು ಬಿತ್ತುತ್ತೇನೆಂದು ಅಕ್ಕ ಹೇಳಿದ್ದಾಳೆ. ಹಸಿವಿನಿಂದ ಮೊದಲು ಸಾಯುವವರು ತಮ್ಮಲ್ಲಿ ಯಾವ ಗುಂಪಿನವರೆಂದು ದಯವಿಟ್ಟು ತಿಳಿಸಿ; ಮೇಡಂ ಬರೆದಿಟ್ಟುಕೊಳ್ಳುತ್ತಾರಂತೆ.