ವಾರಕ್ಕೆ ಮೂರು ದಿನ ನಂಬಿಕಸ್ಥೆ

ಮನುಷ್ಯರು ಒಂದೇ ಕಡೆ, ಒಂದೇ ಕೆಲಸ ಮಾಡಿಕೊಂಡಿರಬೇಕು ಎಂಬುದು ಸಾಲ ಕೊಡುವವರ ಧರ್ಮ. ಇದು ನನಗೆ ತಿಳಿದದ್ದು ಲೈಡನ್ ಎಂಬ ಡಚ್ ಊರಿನಲ್ಲಿ ಮನೆ ಕೊಳ್ಳಲು ಹೊರಟಾಗ. ಆಗ ಸೋಮವಾರದಿಂದ ಬುಧವಾರದವರೆಗೆ ನಾನು ಇಲ್ಲಿನ ಒಂದು ಲ್ಯಾಬಿನ ಕಾಯಂ ನೌಕರಳು. ಗುರುವಾರ, ಶುಕ್ರವಾರ ಫ್ರೀಲಾನ್ಸ್. ಪಠ್ಯಪುಸ್ತಕಗಳಿಗೆ ಬ್ಯಾಕ್ಟೀರಿಯಾಗಳ ಚಿತ್ರ ಬರೆದುಕೊಡುತ್ತಿದ್ದೆ. "ನಿನ್ನಂಥ ಸ್ವತಂತ್ರ ಬದುಕು ಯಾರಿಗುಂಟು!" ಎಂದು ಗೆಳತಿಯರು ಹೊಗಳುತ್ತಿದ್ದರು. ಇರಬಹುದೇನೋ ಎಂದು ನಾನೂ ನಂಬಿದ್ದೆ.

ಅಷ್ಟರಲ್ಲಿ ನಮ್ಮ ಬಾಡಿಗೆ ಮನೆಯ ಒಡತಿ ಪರದೇಶದಿಂದ ವಾಪಸಾಗುವುದಾಗಿ ತಿಳಿಸಿದಳು. ಅವಳು ಬಂದರೆ ನಾವು ಹೋಗಬೇಕು. ಮಗಳು ಅಳದೆ ಶಾಲೆಗೆ ಹೋಗಲು ಶುರುಮಾಡಿ ಇನ್ನೂ ಸ್ವಲ್ಪವೇ ದಿನವಾಗಿತ್ತು; ಊರು ಬಿಡುವ ಹಾಗಿಲ್ಲ. ಪಕ್ಕದ ಬೀದಿಯಲ್ಲಿ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ನಾನೂ ನನ್ನ ಗಂಡ ಗಿರೀಶನೂ ಗೃಹಸಾಲದ ಸಲಹೆಗಾರ ಪೀಟರನ ಮುಂದೆ ಹೋಗಿ ಕೂತೆವು. ಗಿರೀಶನ ಸಂಶೋಧನೆಯ ನೌಕರಿ ಸದ್ಯದಲ್ಲೇ ಮುಗಿಯುವಂಥದ್ದು. ಹಾಗಾಗಿ ಪೀಟರ್ ಅವನಿಗೊಂದು ಕಾಫಿ ಕೊಟ್ಟು, ಅಲ್ಲಿಗೇ ಅವನ ಲೆಕ್ಕ ಮುಗಿಸಿದ.

"ಲ್ಯಾಬಿನ ಸಂಬಳಕ್ಕೆ ತೊಂದರೆಯಿಲ್ಲ. ಚಿತ್ರಗಳ ಆದಾಯಕ್ಕೆ ಬ್ಯಾಂಕಿನವರು ಮೂರು ವರ್ಷದ ಸರಾಸರಿ ತೆಗೀತಾರೆ. ಮೊದಲನೇ ವರ್ಷ ಯಾಕೆ ಇಷ್ಟು ಕಡಿಮೆ?"

"ಆಗ ಪರಿಚಯದವರಿಗೆ ಬರೆದುಕೊಡ್ತಿದ್ದೆ. ದುಡ್ಡು ಕೇಳೋಕೆ ಸಂಕೋಚ ಆಯ್ತು."

ಸಂಕೋಚವನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ತಿಳಿಯದೆ ಪೀಟರ್ ಪೆನ್ನು ಕೆಳಗಿಟ್ಟ.

ಧಾರವಾಡದಿಂದ ಅವ್ವ ಫೋನಿನಲ್ಲಿ, "ಒಂದ ಕೆಲಸ ಇದ್ದವರಿಗೇ ಸಾಲ ಕೊಡ್ತಾರ. ನಿನಗ ಎರಡು ಅದಾವ, ಹೆಚ್ಚಿಗಿ ಕೊಡಬೇಕಲ್ಲೇನ?" ಎಂದಳು. ಮುಂದಿನ ಭೇಟಿಯಲ್ಲಿ ಪೀಟರನಿಗೆ ಇದನ್ನು ಹೇಳಿದೆ. ಮೊದಲ ಬಾರಿಗೆ ನಕ್ಕ. ಆದರೆ ಲೆಕ್ಕ ಹಾಕಿದಾಗ, ಸಿಗಬಹುದಾದ ಸಾಲ ಮನೆಯ ಬೆಲೆಗೆ ಸಾಲದಾಗಿತ್ತು. "ಒಂದು ವರ್ಷ ಕಾಯಿರಿ, ಇಲ್ಲವೇ ಲ್ಯಾಬಿನಲ್ಲಿ ಇನ್ನೊಂದು ದಿನ ಹೆಚ್ಚಿಸಿಕೊಳ್ಳಿ" ಎಂದ. ಮನೆ ನಮಗಾಗಿ ಒಂದು ವಾರವೂ ಕಾಯುವಂತಿರಲಿಲ್ಲ.

ಮಾರನೆಯ ದಿನ ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ಭಾಷಣ ತಯಾರಿಸಿಕೊಂಡು ಹೋದೆ. ಕಲೆ, ತ್ಯಾಗ, ತಾಯ್ತನ ಎಲ್ಲವೂ ಅದರಲ್ಲಿದ್ದವು. ನಾಲ್ಕನೇ ದಿನದ ಕೆಲಸ ಬೇಕೆಂದು ಪೀಠಿಕೆ ಹಾಕುತ್ತಿದ್ದಂತೆಯೇ ಲ್ಯಾಬಿನ ಮುಖ್ಯಸ್ಥೆ ಮರೀಕೆ ತಡೆದಳು. "ನಾಲ್ಕು ದಿನ ತಾನೆ? ಖಂಡಿತ ಬಾ. ನೀನು ಕೆಲಸ ಬಿಡೋಕೆ ಬಂದೆಯೇನೋ ಅಂತ ಹೆದರಿದ್ದೆ!" ತ್ಯಾಗ ಮಾಡಲು ಸಿದ್ಧಳಾಗಿ ಬಂದವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಅವಳ ಸಹಿ ಬಿದ್ದ ಮೇಲೆ ಸಾಲ ಬಂತು, ಮನೆಯೂ ಬಂತು.

ಮೇಲಿನ ಅಟ್ಟದ ಕೋಣೆಗೆ ದೊಡ್ಡ ಕಿಟಕಿಯಿದೆ. ಗಿರೀಶ ಅಲ್ಲಿ ಮೇಜು ಹಾಕಿ, "ಇದು ನಿನ್ನ ಚಿತ್ರದ ಕೋಣೆ ಕಣೆ" ಎಂದ. ಹೋದ ತಿಂಗಳು ಒಬ್ಬ ಪ್ರಕಾಶಕರು ಚಿತ್ರ ಕೇಳಿದರು. ಈಗ ಬಿಡುವಿಲ್ಲ ಎಂದು ಭಾರವಾದ ಮನಸ್ಸಿನಿಂದ ಉತ್ತರ ಬರೆದೆ. ನನ್ನೊಳಗಿನ ಕಲಾವಿದೆಯನ್ನು ಬ್ಯಾಂಕು ನುಂಗಿತು ಎಂದು ಗೆಳತಿಯರ ಬಳಿ ಈಗಲೂ ಹೇಳಿಕೊಳ್ಳುತ್ತೇನೆ, ಅವರೂ ಮರುಗುತ್ತಾರೆ. ಲ್ಯಾಬಿಲ್ಲದ ಶುಕ್ರವಾರ ಮಧ್ಯಾಹ್ನ ಆ ಕಿಟಕಿಯಿಂದ ಒಳ್ಳೆಯ ಬಿಸಿಲು ಬೀಳುತ್ತದೆ. ಮೇಜನ್ನು ಗೋಡೆಗೆ ಸರಿಸಿ, ಚಾಪೆ ಹಾಸಿಕೊಂಡು, ಕಣ್ತುಂಬ ನಿದ್ದೆ ಮಾಡುತ್ತೇನೆ.